ಉಪ್ಪು ಹಾಕಿದವರು ಯಾರು?

"ಇದಕ್ಕೆ ಉಪ್ಪು ಬೇಕೆಂದು ಮೊದಲು ಹೊಳೆದದ್ದು ಯಾರಿಗೆ?"

ಅಪ್ಪ ಹೀಗೆ ಕೇಳಿದ್ದು 2011ರ ಅಕ್ಟೋಬರಿನಲ್ಲಿ, ಪೆನ್ಸಿಲ್ವೇನಿಯಾದ ಲಿಟಿಟ್ಸ್ ಎಂಬ ಸಣ್ಣ ಊರಿನ ರಸ್ತೆಬದಿಯ ಬೆಂಚಿನಲ್ಲಿ ಕುಳಿತು. ಮಡಿಲಲ್ಲಿ ಚಾಕೊಲೇಟ್ ಹೊದಿಸಿದ ಪ್ರೆಟ್ಜೆಲ್‌ಗಳ ಕಾಗದದ ಪೊಟ್ಟಣವಿತ್ತು. ಒಂದನ್ನು ಅರ್ಧ ಕಚ್ಚಿ, ಉಳಿದರ್ಧವನ್ನು ಬೆಳಕಿಗೆ ಹಿಡಿದು, ಕಂದು ಹೊದಿಕೆಯ ಒಳಗೆ ಮಿನುಗುತ್ತಿದ್ದ ಉಪ್ಪಿನ ಹರಳನ್ನು ನೋಡುತ್ತಿದ್ದರು. ಅವರ ಪ್ರಶ್ನೆಯಲ್ಲಿ ಆಕ್ಷೇಪವಿರಲಿಲ್ಲ. ಬೇರೆಯವರ ತೋಟಕ್ಕೆ ಹೋದಾಗ ಬಸಿಗಾಲುವೆಯನ್ನು ಹದವಾಗಿ ತೆಗೆದದ್ದು ಕಣ್ಣಿಗೆ ಬಿದ್ದರೆ, "ಇದನ್ನು ತೆಗೆದವರು ಯಾರು?" ಎಂದು ನಿಂತು ಕೇಳುತ್ತಾರಲ್ಲ, ಅದೇ ಧ್ವನಿ. ಸುಳ್ಯದ ಕಡೆಯ ಅಡಿಕೆ ತೋಟದಲ್ಲಿ ಬದುಕಿಡೀ ದುಡಿದವರು ಅವರು. ಒಳ್ಳೆಯ ಕೆಲಸ ಕಂಡಲ್ಲಿ ಅದರ ಹಿಂದಿನ ಕೈಯನ್ನು ತಿಳಿಯದೆ ಮುಂದೆ ಹೋಗುವ ಅಭ್ಯಾಸ ಅವರಿಗಿಲ್ಲ. ನಾನು "ಹುಡುಕಿ ಹೇಳುತ್ತೇನೆ" ಎಂದಿದ್ದೆ. ಒಂದು ವಾರದ ಕೆಲಸ ಎಂದುಕೊಂಡಿದ್ದೆ. ಆ ಪ್ರಶ್ನೆ ಇಷ್ಟು ವರ್ಷ ನನ್ನ ಜೊತೆ ಇರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಗೋಧಿ ಹಿಟ್ಟನ್ನು ಗಂಟಿನಂತೆ ತಿರುಚಿ, ಮೇಲೆ ಉಪ್ಪಿನ ಹರಳು ಉದುರಿಸಿ ಬೇಯಿಸುವ ಪ್ರೆಟ್ಜೆಲ್ ಗೊತ್ತಿಲ್ಲದವರು ಈಗ ಕಡಿಮೆ. ಬೆಂಗಳೂರಿನ ಅಂಗಡಿಗಳಲ್ಲೂ ಪೊಟ್ಟಣಗಳು ಸಿಗುತ್ತವೆ. ಆದರೂ ನಾನು ಹೇಳುತ್ತಿರುವುದು ಮೆತ್ತಗೆ, ದಪ್ಪಗೆ, ಬಿಸಿಬಿಸಿಯಾಗಿ ಕೊಡುವ ಬಗೆಯದಲ್ಲ. ಬೆರಳಿನಿಂದ ಮುರಿದರೆ ಟಕ್ಕೆಂದು ಸದ್ದು ಬರುವ, ಗಟ್ಟಿಯಾಗಿ ಒಣಗಿದ ಬಗೆಯದು. ಚಾಕೊಲೇಟ್ ಒಪ್ಪುವುದು ಆ ಗಟ್ಟಿ ಪ್ರೆಟ್ಜೆಲ್‌ಗೆ. ಯಾಕೆ ಎನ್ನುವುದಕ್ಕೆ ಮುಂದೆ ಬರುತ್ತೇನೆ.

ಒಂದು ಊರು, ಎರಡು ಪರಿಮಳ

ಆ ದಿನ ಲಿಟಿಟ್ಸ್‌ನಲ್ಲಿ ಕಾರಿನ ಬಾಗಿಲು ತೆರೆದ ಕೂಡಲೇ ಅಮ್ಮ "ಕೊಕ್ಕೊ ಹುರಿಯುತ್ತಿದ್ದಾರೆ" ಎಂದರು. ವಿಲ್ಬರ್ ಚಾಕೊಲೇಟ್ ಕಾರ್ಖಾನೆ ಆಗ ಊರ ನಡುವೆ, ಬ್ರಾಡ್ ಸ್ಟ್ರೀಟ್‌ನಲ್ಲಿ ಇನ್ನೂ ನಡೆಯುತ್ತಿತ್ತು. ಗಾಳಿ ಬೀಸಿದ ಕಡೆಗೆಲ್ಲ ಆ ಪರಿಮಳ ಹೋಗುತ್ತಿತ್ತು. ಚರ್ಚಿನ ಅಂಗಳಕ್ಕೂ, ಬ್ಯಾಂಕಿನ ಮೆಟ್ಟಿಲಿಗೂ, ಒಗೆದ ಬಟ್ಟೆ ಒಣಹಾಕಿದ ಹಿತ್ತಲಿಗೂ ಅದು ಸಮಾನವಾಗಿ ಸಲ್ಲುತ್ತಿತ್ತು. 2016ರಲ್ಲಿ ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಂಗಡಿ ಎದುರು ಬದಿಗೆ ಹೋಯಿತು. ಈಗ ಹೋದರೆ ಚಾಕೊಲೇಟ್ ಸಿಗುತ್ತದೆ, ಬೀದಿಯಲ್ಲಿ ಪರಿಮಳವಿಲ್ಲ. ಅಪ್ಪ ಅಮ್ಮ ಬಂದ ವರ್ಷ ಅದಿತ್ತು ಎನ್ನುವುದನ್ನು ನಾನು ಭಾಗ್ಯವೆಂದೇ ಎಣಿಸುತ್ತೇನೆ.

ಅಲ್ಲಿಂದ ಕೆಲವೇ ನಿಮಿಷ ನಡೆದರೆ ಮೇನ್ ಸ್ಟ್ರೀಟ್‌ನಲ್ಲಿ 18ನೇ ಶತಮಾನದ ಒಂದು ಕಲ್ಲಿನ ಮನೆ. 1861ರಲ್ಲಿ ಜೂಲಿಯಸ್ ಸ್ಟರ್ಜಿಸ್ ಎಂಬವರು ಅಲ್ಲಿ ಪ್ರೆಟ್ಜೆಲ್ ಬೇಕರಿ ತೆರೆದರು. ಅಮೆರಿಕದಲ್ಲಿ ಪ್ರೆಟ್ಜೆಲ್ ಮಾಡುವುದನ್ನೇ ವ್ಯಾಪಾರವಾಗಿ ನಡೆಸಿದ ಮೊದಲ ಬೇಕರಿ ಅದು ಎನ್ನುತ್ತಾರೆ. ಅದಕ್ಕೂ ಮುಂಚೆ ಅವರು ಅದೇ ಊರಿನ ರೌಕ್ ಎಂಬವರ ಬೇಕರಿಯಲ್ಲಿ ಕೆಲಸ ಕಲಿಯುತ್ತಿದ್ದರು. ಅಲ್ಲಿಗೆ ಒಂದು ದಿನ ಅಲೆಮಾರಿಯೊಬ್ಬ ಹಸಿದು ಬಂದನಂತೆ. ಊಟ ಹಾಕಿ ಕಳುಹಿಸಿದರಂತೆ. ಕೊಡಲು ಅವನ ಬಳಿ ಹಣವಿರಲಿಲ್ಲ, ಪ್ರೆಟ್ಜೆಲ್ ಮಾಡುವ ವಿಧಾನವನ್ನು ಹೇಳಿ ಹೋದನಂತೆ. ಊರಿನವರು ಅಭಿಮಾನದಿಂದ ಹೇಳುವ ಕಥೆ ಇದು. ದಾಖಲೆಯ ಮಾತು ಹಾಗಿರಲಿ, ಹಸಿದವನಿಗೆ ಬಡಿಸಿದ ಊಟದಿಂದ ತಮ್ಮ ಕಸುಬು ಶುರುವಾಯಿತು ಎಂದು ಒಂದು ಊರು ನಂಬಿಕೊಂಡಿರುವುದು ನನಗೆ ತುಂಬ ಇಷ್ಟ.

ಆ ಕಲ್ಲಿನ ಮನೆಯಲ್ಲಿ ನೋಡಲು ಬಂದವರೆಲ್ಲರ ಕೈಗೂ ಒಂದೊಂದು ಹಿಟ್ಟಿನ ಉಂಡೆ ಕೊಡುತ್ತಾರೆ. ಅದನ್ನು ಹಲಗೆಯ ಮೇಲೆ ಹೊಸೆದು ಉದ್ದನೆಯ ಬತ್ತಿಯಾಗಿಸಿ, ಎರಡೂ ತುದಿಗಳನ್ನು ಮೇಲೆತ್ತಿ, ಒಂದರ ಮೇಲೊಂದು ಹಾಯಿಸಿ ತಿರುಚಿ, ಕೆಳಗಿನ ಬಾಗಿಗೆ ತಂದು ಒತ್ತಬೇಕು. ಎದೆಯ ಮೇಲೆ ತೋಳುಗಳನ್ನು ಹಾಯಿಸಿಕೊಂಡು ಪ್ರಾರ್ಥಿಸುವವರ ಆಕಾರ ಇದು ಎಂದು ಅಲ್ಲಿದ್ದ ಹುಡುಗಿ ವಿವರಿಸಿದಳು. ಪ್ರೆಟ್ಜೆಲ್ ಎಂಬ ಹೆಸರಿನ ಬೇರು ಕೂಡ ತೋಳು ಎಂಬ ಅರ್ಥದ ಲ್ಯಾಟಿನ್ ಪದದಲ್ಲೇ ಇದೆ. ನನ್ನದು ಎರಡು ಸಲ ಬಿಚ್ಚಿಕೊಂಡಿತು. ಅಪ್ಪನದು ಮೊದಲ ಸಲವೇ ಕೂತಿತು. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿಯನ್ನು ನೋವಾಗದಂತೆ, ಜಾರದಂತೆ ಕಟ್ಟುತ್ತ ಬಂದ ಬೆರಳುಗಳು ಅವು. ಹಲಗೆಯ ಮೇಲಿನ ಪುಟ್ಟ ಗಂಟನ್ನು ನೋಡಿ ಆ ಹುಡುಗಿ "ಮುಂಚೆ ಈ ಕೆಲಸ ಮಾಡಿದ್ದೀರಾ?" ಎಂದು ಕೇಳಿದಳು. ನಾನು ಅನುವಾದಿಸಿ ಹೇಳಿದೆ. ಅಪ್ಪ ಸಂಕೋಚದಿಂದ ನಕ್ಕು, ಹಿಟ್ಟು ಮೆತ್ತಿದ ಬೆರಳುಗಳನ್ನು ಒರೆಸಿಕೊಂಡರು. ಇದಾಗಿ ಅರ್ಧ ಗಂಟೆಯೊಳಗೆ, ಮೊದಲು ಹೇಳಿದ ಬೆಂಚಿನಲ್ಲಿ, ಆ ಪ್ರಶ್ನೆ ಬಂತು.

ಅಂತರ್ಜಾಲದ ಜರ್ಮನ್ ಬೇಕರಿಯವನು

ಹುಡುಕಲು ಹೊರಟವರಿಗೆ ಮೊದಲು ಎದುರಾಗುವುದು ಒಂದು ಸಿದ್ಧ ಉತ್ತರ: 16ನೇ ಶತಮಾನದಲ್ಲಿ ಜರ್ಮನಿಯ ಬೇಕರಿಯವನೊಬ್ಬ ಪ್ರೆಟ್ಜೆಲನ್ನು ಚಾಕೊಲೇಟಿನಲ್ಲಿ ಅದ್ದಿದ ಎಂಬ ಕಥೆ. ಅಂತರ್ಜಾಲದಲ್ಲಿ ಒಬ್ಬರಿಂದೊಬ್ಬರು ನಕಲು ಮಾಡಿಕೊಂಡು ಇದನ್ನು ಬೆಳೆಸಿದ್ದಾರೆ. ಸ್ವಲ್ಪ ಕಾಲ ನಾನೂ ನಂಬಿದ್ದೆ. ಅಪ್ಪನಿಗೆ ಫೋನಿನಲ್ಲಿ ಹೇಳುವುದರಲ್ಲಿದ್ದೆ. ಆಮೇಲೆ ಚಾಕೊಲೇಟಿನ ಚರಿತ್ರೆಯನ್ನು ಓದುತ್ತ ಹೋದಂತೆ ಕಥೆ ಕಾಲಡಿಯಿಂದ ಕುಸಿಯಿತು.

1544ರಲ್ಲಿ ಗ್ವಾಟೆಮಾಲಾದ ಮಾಯಾ ಜನರ ನಿಯೋಗವೊಂದು ಸ್ಪೇನಿನ ರಾಜಕುಮಾರ ಫಿಲಿಪ್‌ನನ್ನು ಕಂಡಾಗ ತಂದ ಕಾಣಿಕೆಗಳಲ್ಲಿ ಚಾಕೊಲೇಟ್ ಇತ್ತು. ಯುರೋಪಿನಲ್ಲಿ ಚಾಕೊಲೇಟಿನ ಮೊದಮೊದಲ ದಾಖಲೆ ಅದು. ಆದರೆ ಆ ಚಾಕೊಲೇಟ್ ಅರೆದು, ಕದಡಿ, ನೊರೆ ಎಬ್ಬಿಸಿ ಕುಡಿಯುವ ಪಾನೀಯ. ರಾಜರ ಮನೆಗೇ ಆಗಷ್ಟೇ ಬಂದಿದ್ದ ವಸ್ತು ಜರ್ಮನಿಯ ಬೇಕರಿಯವನ ಅಡುಗೆಮನೆಗೆ ಬರುವುದು ಹೇಗೆ? ಬಂದರೂ, ಪಾನೀಯದಲ್ಲಿ ಅದ್ದಿದ ಪ್ರೆಟ್ಜೆಲ್ ಮೆತ್ತಗಾಗುತ್ತದೆಯೇ ಹೊರತು ಹೊದಿಕೆ ಹಿಡಿಯುವುದಿಲ್ಲ. ಹೊದಿಕೆಯಾಗಬೇಕಾದರೆ ಚಾಕೊಲೇಟ್ ಕರಗಿ ಹರಿಯಬೇಕು, ತಣಿದಾಗ ಗಟ್ಟಿಯಾಗಬೇಕು. ಅದಕ್ಕೆ ಕೊಕ್ಕೊ ಬೆಣ್ಣೆ ಬೇಕು. ಹುರಿದ ಬೀಜದಿಂದ ಆ ಬೆಣ್ಣೆಯನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಆಮ್‌ಸ್ಟರ್‌ಡಾಮಿನ ವಾನ್ ಹೌಟನ್ ಕುಟುಂಬ ಹಕ್ಕುಪತ್ರ ಪಡೆದದ್ದು 1828ರಲ್ಲಿ. ಹಿಂಡಿದ ಬೆಣ್ಣೆಯನ್ನು ಮತ್ತೆ ಕೊಕ್ಕೊ, ಸಕ್ಕರೆಗಳ ಜೊತೆ ಬೆರೆಸಿ ಅಚ್ಚಿಗೆ ಹೊಯ್ದು ತಿನ್ನುವ ಚಾಕೊಲೇಟನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಫ್ರೈ ಕಂಪನಿ ಮಾಡಿದ್ದು 1847ರಲ್ಲಿ. ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಹಾಲಿನ ಚಾಕೊಲೇಟ್ ತಂದದ್ದು 1875ರಲ್ಲಿ. ಗಂಟೆಗಟ್ಟಲೆ ಅರೆದು ಅರೆದು ನುಣ್ಣಗೆ ಮಾಡುವ ಯಂತ್ರವನ್ನು ರೊಡಾಲ್ಫ್ ಲಿಂಟ್ ಬೆರ್ನ್‌ನಲ್ಲಿ ರೂಪಿಸಿದ್ದು 1879ರಲ್ಲಿ. ಇಷ್ಟೆಲ್ಲ ಆದ ಮೇಲಷ್ಟೇ ಅದ್ದಿ ತೆಗೆಯಲು ಬರುವಂಥ ಚಾಕೊಲೇಟ್ ಜಗತ್ತಿಗೆ ಸಿಕ್ಕಿತು.

ಪ್ರೆಟ್ಜೆಲ್ ಮಾತ್ರ ನಿಜಕ್ಕೂ ಹಳೆಯದು. 12ನೇ ಶತಮಾನದಲ್ಲಿ ಅಲ್ಸೇಸ್ ಪ್ರಾಂತ್ಯದ ಸನ್ಯಾಸಿನಿಯರ ಮಠವೊಂದರಲ್ಲಿ ಸಿದ್ಧವಾದ ಸಚಿತ್ರ ಹಸ್ತಪ್ರತಿಯಲ್ಲಿ, ಊಟದ ಮೇಜಿನ ಮೇಲೆ, ಇಂದಿಗೂ ಗುರುತು ಸಿಗುವ ಆಕಾರದಲ್ಲೇ ಅದು ಕಾಣುತ್ತದೆ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಆಗ ಮೊಟ್ಟೆ, ಹಾಲು, ಕೊಬ್ಬು ವರ್ಜ್ಯವಾಗಿದ್ದವು. ಹಿಟ್ಟು, ನೀರು, ಉಪ್ಪುಗಳಲ್ಲಿ ಮುಗಿಯುವ ಪ್ರೆಟ್ಜೆಲ್ ಆ ದಿನಗಳಿಗೆ ಒದಗುತ್ತಿತ್ತು. ಜರ್ಮನ್ ಭಾಷೆಯ ವಲಸಿಗರು 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಹೊಲಗಳಲ್ಲಿ ನೆಲೆ ಊರಿದಾಗ ಅದೂ ಅವರೊಂದಿಗೆ ಬಂತು. ಹಾಗಾಗಿ ಹುಡುಕಬೇಕಾದದ್ದು 16ನೇ ಶತಮಾನದ ಜರ್ಮನಿಯಲ್ಲಲ್ಲ. ಉಪವಾಸದ ತಿಂಡಿಗೆ ಹಬ್ಬದ ಸಿಹಿ ಎದುರಾದ ಜಾಗ ಯಾವುದು, ಅಲ್ಲಿ ಹುಡುಕಬೇಕು. ನಾನು ಅಪ್ಪನ ಜೊತೆ ಕುಳಿತಿದ್ದ ಜಾಗವೇ ಅಂಥದ್ದೊಂದು.

ಹೊದಿಸುವ ಕಸುಬು

ಲಿಟಿಟ್ಸ್‌ನಿಂದ ನಲವತ್ತು ಕಿಲೋಮೀಟರಿನಷ್ಟು ದೂರದಲ್ಲಿ ಹರ್ಷಿ ಪಟ್ಟಣವಿದೆ. ಮಿಲ್ಟನ್ ಹರ್ಷಿಯ ಹೆಸರು ಕೇಳಿದರೆ ಹಾಲಿನ ಚಾಕೊಲೇಟಿನ ಪಟ್ಟಿ ನೆನಪಾಗುತ್ತದೆ. ಆದರೆ ಅವರು ಚಾಕೊಲೇಟಿಗೆ ಬಂದ ದಾರಿಯನ್ನು ನೋಡಿದರೆ ನನ್ನ ಪ್ರಶ್ನೆಗೆ ಒಂದು ಎಳೆ ಸಿಗುತ್ತದೆ. ಲ್ಯಾಂಕಾಸ್ಟರ್ ನಗರದಲ್ಲಿ ಅವರು ಕ್ಯಾರಮೆಲ್ ಮಿಠಾಯಿಯ ಕಾರ್ಖಾನೆ ನಡೆಸುತ್ತಿದ್ದರು. 1893ರಲ್ಲಿ ಶಿಕಾಗೋದ ಜಾಗತಿಕ ಪ್ರದರ್ಶನದಲ್ಲಿ ಜರ್ಮನಿಯ ಲೇಮಾನ್ ಕಂಪನಿಯ ಚಾಕೊಲೇಟ್ ಯಂತ್ರಗಳು ಕೆಲಸ ಮಾಡುವುದನ್ನು ಕಂಡು, ಅವನ್ನು ಕೊಂಡು ತಂದರು. (ಅದೇ ವರ್ಷ, ಅದೇ ಪ್ರದರ್ಶನದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದು. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನೆದಾಗಲೆಲ್ಲ ನನಗೆ ಆ ಜನಜಂಗುಳಿಯನ್ನು ಕಣ್ಣಾರೆ ಕಂಡಂತಾಗುತ್ತದೆ.) ಯಂತ್ರಗಳನ್ನು ಮೊದಲಿಗೆ ತಂದ ಉದ್ದೇಶ ಕ್ಯಾರಮೆಲ್‌ಗೆ ಚಾಕೊಲೇಟ್ ಹೊದಿಸುವುದು. ಏಳು ವರ್ಷದ ಮೇಲೆ, 1900ರಲ್ಲಿ, ಕ್ಯಾರಮೆಲ್ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಮಾರಿ ಚಾಕೊಲೇಟನ್ನೇ ನೆಚ್ಚಿಕೊಂಡರು.

ಅಂದರೆ ಈ ನಾಡಿನ ಮಿಠಾಯಿಯವರಿಗೆ ಚಾಕೊಲೇಟ್ ಎಂದರೆ ಮೊದಲು ಹೊದಿಕೆ. ಕರಗಿಸಿದ ಪಾತ್ರೆ ಎದುರಿಗಿರುವಾಗ ಕ್ಯಾರಮೆಲ್ ಅದ್ದುತ್ತಿದ್ದರು, ಬಾದಾಮಿ ಅದ್ದುತ್ತಿದ್ದರು, ಕಿತ್ತಳೆ ಸಿಪ್ಪೆಯ ಮುರಬ್ಬ ಅದ್ದುತ್ತಿದ್ದರು. ಪಕ್ಕದ ಬೀದಿಯಲ್ಲಿ ಪ್ರೆಟ್ಜೆಲ್ ಬೇಕರಿ. ರೆಡಿಂಗ್ ನಗರದಲ್ಲಂತೂ ಬೀದಿಗೊಂದು ಬೇಕರಿ ಎನ್ನುವಷ್ಟು. 1930ರ ದಶಕದಲ್ಲಿ ಅಲ್ಲಿನ ಕಂಪನಿಯೊಂದು ನಿಮಿಷಕ್ಕೆ 245 ಪ್ರೆಟ್ಜೆಲ್ ತಿರುಚುವ ಯಂತ್ರ ತಂದ ಮೇಲೆ ಮನೆಮನೆಯ ಡಬ್ಬಿಯಲ್ಲೂ ಅವು ತುಂಬಿದವು. ಮೊದಲು ಅದ್ದಿದವರು ಮಿಠಾಯಿ ಅಂಗಡಿಯ ಕೆಲಸದವಳಿರಬಹುದು, ಕ್ರಿಸ್‌ಮಸ್ ಹೊತ್ತಿಗೆ ಉಳಿದ ಚಾಕೊಲೇಟನ್ನು ವ್ಯರ್ಥ ಮಾಡಬಾರದೆಂದು ಕೈಗೆ ಸಿಕ್ಕಿದ್ದನ್ನು ಅದ್ದಿದ ಗೃಹಿಣಿ ಇರಬಹುದು. ಒಬ್ಬರೇ ಇರಲಿಕ್ಕಿಲ್ಲ. ಅಂಗಡಿಗಳ ಹೆಸರು ಕೇಳಿಬರುವುದು ಆಮೇಲೆ. 1960ರ ದಶಕದಲ್ಲಿ ಪಿಟ್ಸ್‌ಬರ್ಗ್ ಬಳಿಯ ಕ್ಯಾನನ್ಸ್‌ಬರ್ಗ್‌ನಲ್ಲಿ ಫ್ರಾಂಕ್ ಸಾರಿಸ್ ಮನೆಯ ನೆಲಮಾಳಿಗೆಯಲ್ಲಿ ಮಿಠಾಯಿ ಮಾಡಲು ತೊಡಗಿದರು. ಅವರ ಅಂಗಡಿಗೆ ಹೆಸರು ಬಂದದ್ದು ಚಾಕೊಲೇಟ್ ಪ್ರೆಟ್ಜೆಲ್‌ನಿಂದ. 1990ರ ದಶಕದ ಕೊನೆಯಲ್ಲಿ ದೊಡ್ಡ ಕಂಪನಿಗಳು ಸಣ್ಣ ಪೊಟ್ಟಣಗಳಲ್ಲಿ ದೇಶದಾದ್ಯಂತ ಮಾರಲು ತೊಡಗಿದವು. ಆ ಭಾಗದಲ್ಲಿ ನನಗೆ ಹೆಚ್ಚು ಆಸಕ್ತಿಯಿಲ್ಲ.

ಹೀಗೆ ಒಬ್ಬರ ಹೆಸರೂ ಸಿಗಲಿಲ್ಲ ಎಂಬ ಬೇಸರವನ್ನು ನಾನು ಅಮ್ಮನ ಮುಂದೆ ಹೇಳಿಕೊಂಡಾಗ ಅವರಿಗೆ ಅದು ಬೇಸರದ ವಿಷಯವೆಂದೇ ಅನ್ನಿಸಲಿಲ್ಲ. "ಬೆಲ್ಲದ ಪಾಯಸಕ್ಕೆ ಚಿಟಿಕೆ ಉಪ್ಪು ಹಾಕಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಅತ್ತೆ ಹಾಕುತ್ತಿದ್ದರು, ನಾನು ನೋಡುತ್ತಿದ್ದೆ, ನಾನೂ ಹಾಕಿದೆ. ಅತ್ತೆ ಅವರ ಅತ್ತೆಯನ್ನು ನೋಡಿರಬೇಕು. ಉಪ್ಪಿನ ಭರಣಿ ಒಲೆಯ ಹತ್ತಿರವೇ ಇರುತ್ತದಲ್ಲ." ಉಪ್ಪಿನ ಭರಣಿ ಒಲೆಯ ಹತ್ತಿರ ಇತ್ತು ಎನ್ನುವುದೇ ಉತ್ತರ ಎಂದು ನನಗೆ ಆಗ ತಟ್ಟಿತು. ಕಾರ್ಖಾನೆಯ ಪರಿಮಳ ಬೇಕರಿಯ ಕಿಟಕಿಯೊಳಗೆ ಹೋಗುವಷ್ಟು ಹತ್ತಿರ ಎರಡು ಕಸುಬುಗಳು ತಲೆಮಾರುಗಟ್ಟಲೆ ಇದ್ದವು. ಆ ಹತ್ತಿರವನ್ನು ನಾನು ಕಾಲ್ನಡಿಗೆಯಲ್ಲಿ ಅಳೆದಿದ್ದೆ, ಆದರೂ ಹೆಸರೊಂದನ್ನು ಹುಡುಕುತ್ತಿದ್ದೆ.

ನೀರಿನ ಒಂದು ಹನಿ

ಅಪ್ಪ ಅಮ್ಮ ಊರಿಗೆ ಹೊರಡುವ ಮುಂಚೆ ಮನೆಯಲ್ಲೇ ಮಾಡಿನೋಡಬೇಕೆಂದು ಹಟ ಹಿಡಿದೆ. ಪ್ರೆಟ್ಜೆಲ್ ಅಂಗಡಿಯದು, ಚಾಕೊಲೇಟ್ ನಾವು ಕರಗಿಸುವುದು. ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು, ಹೆಚ್ಚಿದ ಚಾಕೊಲೇಟ್ ಹಾಕಿ ಕೈಯಾಡಿಸುತ್ತಿದ್ದೆ. ನೋಡನೋಡುತ್ತಿದ್ದಂತೆ ಅದು ರೇಷ್ಮೆಯ ಹಾಗೆ ಹರಿಯತೊಡಗಿತು. ಅಷ್ಟರಲ್ಲಿ ಸೌಟಿನ ಹಿಡಿಯಿಂದ ಆವಿಯ ನೀರಿನ ಹನಿಗಳು ಜಾರಿ ಪಾತ್ರೆಯೊಳಗೆ ಬಿದ್ದವು. ಎರಡೇ ನಿಮಿಷದಲ್ಲಿ ಆ ರೇಷ್ಮೆ ಒದ್ದೆ ಮಣ್ಣಿನಂತೆ ಮುದ್ದೆಗಟ್ಟಿತು. ಚಾಕೊಲೇಟೆಂದರೆ ಕೊಕ್ಕೊ ಬೆಣ್ಣೆಯಲ್ಲಿ ತೇಲುವ ಸಕ್ಕರೆ ಮತ್ತು ಕೊಕ್ಕೊದ ಒಣ ಕಣಗಳು. ಸ್ವಲ್ಪವೇ ನೀರು ಸೇರಿದರೂ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದ ಅಪ್ಪ ಹೇಳಿದರು: "ನಮ್ಮ ತೋಟದ ಕೊಕ್ಕೊ ಬೀಜವೂ ಹಾಗೆಯೇ. ಅಂಗಳದಲ್ಲಿ ಒಣಗುವಾಗ ಒಂದು ಮಳೆ ಬಂದರೆ ಮುಗಿಯಿತು, ಬೂಸ್ಟು. ಕೊಕ್ಕೊ ಹಸಿಯಲ್ಲಿ ಬರುತ್ತದೆ, ಆದರೆ ಒಣಗಿದ ಮೇಲೆ ಮತ್ತೆ ನೀರು ಕಂಡರೆ ಆಗುವುದಿಲ್ಲ."

ಪ್ರೆಟ್ಜೆಲ್ ಇದಕ್ಕೆ ಹೇಳಿಮಾಡಿಸಿದ ಜೊತೆ ಏಕೆ ಎನ್ನುವುದು ಅಲ್ಲಿಂದ ನನಗೆ ಸ್ಪಷ್ಟವಾಯಿತು. ತಿರುಚಿದ ಹಿಟ್ಟನ್ನು ಬೇಯಿಸುವ ಮುಂಚೆ ತೆಳುವಾದ ಕಾಸ್ಟಿಕ್ ಸೋಡಾದ ಬಿಸಿ ನೀರಿನಲ್ಲಿ ಹಾಯಿಸುತ್ತಾರೆ. ಹಪ್ಪಳದ ಹಿಟ್ಟಿಗೆ ಹಾಕುವ ಪಾಪಡ್ ಖಾರದ ಹಾಗೆ ಅದೂ ಕ್ಷಾರ, ಆದರೆ ಬಹಳ ಪ್ರಬಲವಾದದ್ದು. ಆ ಸ್ನಾನದಿಂದ ಹಿಟ್ಟಿನ ಮೇಲ್ಮೈ ಬದಲಾಗಿ, ಒಲೆಯ ಶಾಖಕ್ಕೆ ಬಲುಬೇಗ ಕೆಂಪುಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಪ್ರೆಟ್ಜೆಲ್‌ಗೆ ಮಾತ್ರವೇ ಇರುವ ಆ ಹೊಳಪು, ಆ ಕರಿದಂಥ ರುಚಿ ಎಣ್ಣೆಯದಲ್ಲ, ಕ್ಷಾರ ಮತ್ತು ಬೆಂಕಿಯದು. ಉಳಿದ ಕ್ಷಾರ ಒಲೆಯಲ್ಲೇ ನಿರಪಾಯಕಾರಿಯಾದ ಕಾರ್ಬೊನೇಟಾಗುತ್ತದೆ. ಬೆಂದ ಮೇಲೂ ಅದನ್ನು ಬಿಡುವುದಿಲ್ಲ. ಕಡಿಮೆ ಶಾಖದಲ್ಲಿ ನಿಧಾನವಾಗಿ ಒಣಗಿಸುತ್ತಾರೆ, ನೀರಿನಂಶ ಶೇಕಡಾ 2ರಿಂದ 4ರಷ್ಟು ಉಳಿಯುವ ತನಕ. ಇಷ್ಟು ಒಣಗಿದ, ಇಷ್ಟು ಕಡಿಮೆ ಕೊಬ್ಬಿನ ಇನ್ನೊಂದು ತಿಂಡಿಯನ್ನು ಹುಡುಕುವುದು ಕಷ್ಟ. ಚಾಕೊಲೇಟನ್ನು ಕೆಡಿಸಲು ಅದರೊಳಗೆ ಏನೂ ಇಲ್ಲ. ಗಾಳಿಯ ತೇವ ಒಳಗೆ ಹೋಗದಂತೆ ಚಾಕೊಲೇಟ್ ಅದನ್ನು ಕಾಯುತ್ತದೆ.

ಅಮ್ಮ ಇಂಡಿಯಾದಿಂದ ತಂದಿದ್ದ ಕೋಡುಬಳೆಯ ಡಬ್ಬಿ ಅಲ್ಲೇ ಇತ್ತು. ಅದನ್ನೂ ಒಂದೆರಡು ಅದ್ದಿದೆವು. ಆಕಾರ ಒಪ್ಪಿತು, ರುಚಿ ಒಪ್ಪಲಿಲ್ಲ. ಕೋಡುಬಳೆಯ ಎಣ್ಣೆ ಚಾಕೊಲೇಟನ್ನು ಮೆತ್ತಗೆ ಮಾಡಿತು. ಮೆಣಸಿನ ಖಾರ ಮತ್ತು ಇಂಗು ಕೊಕ್ಕೊದ ಜೊತೆ ಸೇರದೆ ಅದರ ಎದುರು ನಿಂತವು. ಕೋಡುಬಳೆ ತನ್ನಷ್ಟಕ್ಕೆ ಪೂರ್ಣವಾದ ತಿಂಡಿ, ಅದಕ್ಕೆ ಬೇರೆಯದರ ಹಂಗಿಲ್ಲ. ಪ್ರೆಟ್ಜೆಲ್‌ನಲ್ಲಿ ಒಂದು ಖಾಲಿ ಜಾಗವಿದೆ.

ಎರಡನೆಯ ಸಲ ನೀರು ಬೀಳದಂತೆ ಕಾದೆವು. ಆದರೆ ಮರುದಿನ ನೋಡಿದರೆ ಹೊದಿಕೆಯ ಮೇಲೆಲ್ಲ ಬೂದಿ ಬಣ್ಣದ ಮಚ್ಚೆಗಳು. ಕೊಕ್ಕೊ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ಐದನೆಯದು ಮಾತ್ರ ಹೊಳಪೂ ಟಕ್ಕೆನ್ನುವ ಗಟ್ಟಿತನವೂ ಇರುವ, ನಾಲಿಗೆಯ ಮೇಲೆ ಸರಿಯಾಗಿ ಕರಗುವ ಬಗೆ. ಅದನ್ನು ಪಡೆಯಲು ಹಾಲಿನ ಚಾಕೊಲೇಟನ್ನು 45 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಸಿ, 27ರ ಸುಮಾರಿಗೆ ತಣಿಸಿ, ಮತ್ತೆ 30ರ ಹತ್ತಿರಕ್ಕೆ ತರಬೇಕು. ಬೆಲ್ಲದ ಪಾಕದ ಎಳೆ ನೋಡುವಷ್ಟೇ ಕಣ್ಣು ಬೇಕಾದ ಕೆಲಸ. ಮೂರನೆಯ ಸಲ ಅಮ್ಮನೇ ಸೌಟು ಹಿಡಿದರು. ಥರ್ಮಾಮೀಟರ್ ನೋಡಿದ್ದು ನಾನು, ಹದ ಕಂಡುಕೊಂಡದ್ದು ಅವರು. ಚಾಕೊಲೇಟಿನ ಹನಿಯನ್ನು ಕೆಳತುಟಿಗೆ ಮುಟ್ಟಿಸಿ, "ಈಗ ತಣ್ಣಗಿದೆ, ಅದ್ದು" ಎಂದರು. ಅನುಭವಿ ಮಿಠಾಯಿಗಾರರೂ ತುಟಿಯಲ್ಲೇ ನೋಡುತ್ತಾರೆಂದು ನಾನು ಓದಿದ್ದು ಬಹಳ ಆಮೇಲೆ.

ನಾಲಿಗೆಯ ಮೇಲೆ ಆಗುವುದು

ಅದನ್ನು ತಿನ್ನುವುದಕ್ಕೂ ಒಂದು ಕ್ರಮವಿದೆ ಎಂದು ನನ್ನ ಅಭಿಪ್ರಾಯ. ಅವಸರದಲ್ಲಿ ಅಗಿದರೆ ಎಲ್ಲ ಒಟ್ಟಿಗೆ ಬಂದು ಒಟ್ಟಿಗೆ ಹೋಗುತ್ತದೆ. ಒಂದು ಕ್ಷಣ ನಾಲಿಗೆಯ ಮೇಲಿಟ್ಟುಕೊಂಡರೆ, ಕೊಕ್ಕೊ ಬೆಣ್ಣೆ 34 ಡಿಗ್ರಿಯ ಹತ್ತಿರ ಕರಗುವುದರಿಂದ, ಬಾಯಿಯ ಶಾಖಕ್ಕೆ ಹೊದಿಕೆ ಸಡಿಲವಾಗುತ್ತದೆ. ಮೊದಲು ಸಿಹಿ, ಹಿಂದೆಯೇ ಹುರಿದ ಕೊಕ್ಕೊದ ನಸುಗಹಿ. ಉಪ್ಪಿನ ಸುಳಿವೇ ಇಲ್ಲ. ಉಪ್ಪು ಕರಗಲು ನೀರು ಬೇಕು, ಅದು ಕೂತಿರುವುದು ಬೆಣ್ಣೆಯ ನಡುವೆ. ಹೀಗಾಗಿ ದಿನಗಟ್ಟಲೆ ಚಾಕೊಲೇಟಿನ ಒಳಗಿದ್ದರೂ ಹರಳು ಹರಳಾಗಿಯೇ ಉಳಿದಿರುತ್ತದೆ. ಬಾಯಿಯ ನೀರು ಮುಟ್ಟಿದ ಗಳಿಗೆಗೆ ಅದು ತನ್ನನ್ನು ತೋರಿಸಿಕೊಳ್ಳುತ್ತದೆ, ಒಂದು ಕಿಡಿಯಂತೆ. ಆಗ ಕಚ್ಚಬೇಕು. ಗರಿಗರಿ ಸದ್ದು, ಕೆಂಪಗೆ ಬೆಂದ ಗೋಧಿಯ ರುಚಿ, ಮತ್ತೆ ಸಿಹಿ. ಈ ಎರಡನೆಯ ಸಿಹಿ ಮೊದಲಿನದಕ್ಕಿಂತ ದೊಡ್ಡದು.

ಇದು ಬರೀ ಭಾವನೆಯಲ್ಲ. ರುಚಿ ಮತ್ತು ವಾಸನೆಗಳನ್ನೇ ಅಧ್ಯಯನ ಮಾಡುವ ಮೊನೆಲ್ ಸಂಶೋಧನಾ ಕೇಂದ್ರ ಇರುವುದೂ ಪೆನ್ಸಿಲ್ವೇನಿಯಾದಲ್ಲೇ, ಫಿಲಡೆಲ್ಫಿಯಾದಲ್ಲಿ. ಅಲ್ಲಿನ ಪಾಲ್ ಬ್ರೆಸ್ಲಿನ್ ಮತ್ತು ಗ್ಯಾರಿ ಬೋಷಾಂಪ್ 1997ರಲ್ಲಿ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಹಿಯ ವಸ್ತು ಮತ್ತು ಸಕ್ಕರೆ ಸೇರಿದ ದ್ರಾವಣಕ್ಕೆ ಸೋಡಿಯಂ ಲವಣ ಬೆರೆಸಿದರೆ ಕಹಿ ತಗ್ಗುತ್ತದೆ, ಕಹಿಯ ಅಡಿಯಲ್ಲಿ ಅದುಮಿಟ್ಟಂತಿದ್ದ ಸಿಹಿ ಮೇಲೇಳುತ್ತದೆ. ಚಾಕೊಲೇಟಿನಲ್ಲಿ ಇರುವುದು ಸಿಹಿ ಮತ್ತು ಕಹಿಗಳೇ ತಾನೆ. 2011ರಲ್ಲಿ ಅದೇ ಕೇಂದ್ರದ ವಿಜ್ಞಾನಿಗಳು ಇಲಿಗಳ ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ಕೋಶಗಳೊಳಗೆ ಇನ್ನೊಂದು ಸಂಗತಿ ಕಂಡರು. ಗ್ಲೂಕೋಸನ್ನು ಸೋಡಿಯಂ ಜೊತೆಗೂಡಿಸಿ ಕೋಶದೊಳಗೆ ಸಾಗಿಸುವ ಪ್ರೋಟೀನು ಅಲ್ಲೂ ಇದೆ. ಅದು ನಮಗೆ ಅಪರಿಚಿತವಲ್ಲ. ಕರುಳಿನಲ್ಲಿ ಅದೇ ಪ್ರೋಟೀನು ಕೆಲಸ ಮಾಡುವುದರಿಂದಲೇ ವಾಂತಿಭೇದಿಯಾದ ಮಗುವಿಗೆ ಸಕ್ಕರೆ ಉಪ್ಪು ಕದಡಿದ ನೀರು ಜೀವ ಉಳಿಸುತ್ತದೆ. ಸಿಹಿಗೆ ಉಪ್ಪು ಕೈಹಿಡಿದು ದಾರಿ ತೋರುವುದು ದೇಹದ ಒಳಗೇ ಬರೆದಿಟ್ಟ ಏರ್ಪಾಡು ಎಂದು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅಜ್ಜಿ ಪಾಯಸಕ್ಕೆ ಹಾಕುತ್ತಿದ್ದ ಚಿಟಿಕೆ ಕಣ್ಣ ಮುಂದೆ ಬರುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಅಷ್ಟೇ ಅಳತೆ.

ಹಸಿ ಬೀಜದ ಮನೆ

ನಮ್ಮ ತೋಟಕ್ಕೆ ಕೊಕ್ಕೊ ಬಂದದ್ದು ನಾನು ಹುಟ್ಟುವ ಮುಂಚೆ, ಅಡಿಕೆ ಮರಗಳ ನಡುವಿನ ನೆರಳಿಗೆ ಒಪ್ಪುವ ಉಪಬೆಳೆಯಾಗಿ. 1980ರ ಸುಮಾರಿಗೆ ಬೆಲೆ ಕುಸಿದು, ಕೊಳ್ಳುವವರು ಹಿಂದೆ ಸರಿದಾಗ ಎಷ್ಟೋ ಜನ ಗಿಡ ಕಡಿದರು. ಅಪ್ಪ ಕಡಿಯಲಿಲ್ಲ. ಬೆಳೆಗಾರರದೇ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಅಳಿಲು, ಮಂಗಗಳಿಂದ ಉಳಿದ ಕಾಯಿಗಳನ್ನು ಒಡೆದು ಹಸಿ ಬೀಜ ತೆಗೆಯುವಾಗ ನಾವು ಮಕ್ಕಳು ಸುತ್ತ ಕುಳಿತು, ಬೀಜದ ಮೇಲಿನ ಬಿಳಿ ಲೋಳೆಯನ್ನು ಚೀಪುತ್ತಿದ್ದೆವು. ಹುಳಿಯೂ ಸಿಹಿಯೂ ಬೆರೆತ, ಮುರುಗಲು ಹಣ್ಣನ್ನೂ ಲಿಚಿಯನ್ನೂ ಒಟ್ಟಿಗೆ ನೆನಪಿಸುವ ರುಚಿ. ಒಳಗಿನ ಬೀಜ ಕಚ್ಚಿದರೆ ಮಾತ್ರ ಬಾಯೆಲ್ಲ ಕಹಿ. ಕೊಕ್ಕೊ ಬೆಳೆಯುವ ಮನೆಯಲ್ಲಿ ಅದು ಚಾಕೊಲೇಟಾಗುವುದನ್ನು ಯಾರೂ ಕಂಡಿರಲಿಲ್ಲ. ಚೀಲ ಕಟ್ಟಿ ಕಳುಹಿಸಿದರೆ ಅಲ್ಲಿಗೆ ನಮ್ಮ ಕೆಲಸ ಮುಗಿಯುತ್ತಿತ್ತು. ಲಿಟಿಟ್ಸ್‌ನ ಬೀದಿಯಲ್ಲಿ ಅಮ್ಮ ಪರಿಮಳವನ್ನು ಗುರುತಿಸಿದ್ದು ಒಮ್ಮೆ ಪುತ್ತೂರಿನ ಕಾರ್ಖಾನೆಯ ಮುಂದೆ ಬಸ್ಸಿನಲ್ಲಿ ಹಾದುಹೋದಾಗಿನ ನೆನಪಿನಿಂದ.

ಮೊನ್ನೆ ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಎರಡು ಪೊಟ್ಟಣ ಚಾಕೊಲೇಟ್ ಪ್ರೆಟ್ಜೆಲ್ ಒಯ್ದಿದ್ದೆ. ಮಂಗಳೂರಿನ ವಿಮಾನ ನಿಲ್ದಾಣದಿಂದ ಸುಳ್ಯದ ತನಕದ ಬಿಸಿಲಿನಲ್ಲಿ ಎಲ್ಲ ಕರಗಿ, ಮನೆಯ ಫ್ರಿಜ್ಜಿನಲ್ಲಿ ಒಂದೇ ಹೆಂಟೆಯಾಗಿ ಗಟ್ಟಿಯಾಗಿತ್ತು. ಬೂದಿ ಬಣ್ಣದ ಮಚ್ಚೆಗಳೂ ಬಂದಿದ್ದವು. ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಹೆಂಟೆಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು, ಜಗಲಿಯಲ್ಲಿ ಕುಳಿತು, ಅಡಕತ್ತರಿಯಿಂದ ಒಂದೊಂದೇ ತುಂಡು ಕತ್ತರಿಸಿ ಕೆಲಸದವರ ಮಕ್ಕಳಿಗೆ ಹಂಚಿದರು. ನಾನು ಪಕ್ಕದಲ್ಲಿ ಕುಳಿತು, ಇಷ್ಟು ವರ್ಷ ಓದಿದ್ದನ್ನೆಲ್ಲ ಹೇಳಿದೆ. ಮೊದಲು ಉಪ್ಪು ಹಾಕಿದವರ ಹೆಸರು ಎಲ್ಲೂ ಇಲ್ಲ ಎಂದೂ ಹೇಳಿದೆ. ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಮಕ್ಕಳು ಹೋದ ಮೇಲೆ ತಟ್ಟೆಯಲ್ಲಿ ಒಂದು ಚಾಕೊಲೇಟ್ ಚೂರು ಉಳಿದಿತ್ತು, ಪ್ರೆಟ್ಜೆಲ್ ಇಲ್ಲದ ಬರೀ ಹೊದಿಕೆ. ತಳದಲ್ಲಿ ಉದುರಿಬಿದ್ದಿದ್ದ ಉಪ್ಪಿನ ಹರಳುಗಳನ್ನು ಅಪ್ಪ ಬೆರಳ ತುದಿಗೆ ಅಂಟಿಸಿಕೊಂಡು, ಆ ಚೂರಿನ ಮೇಲೆ ಒತ್ತಿ, ಬಾಯಿಗಿಟ್ಟುಕೊಂಡರು.